ಸಣ್ಣ ವ್ಯಾಪಾರದ ಕಾಗದಪತ್ರ: ಹೆಸರಿನ ಪ್ರಕಾರ ಜೋಡಿಸಬೇಕಾ, ತಾರೀಖಿನ ಪ್ರಕಾರವಾ?

ಮರಗೆಲಸ

ಎಲ್ಲರಿಗೂ ನಮಸ್ಕಾರ. ನಮ್ಮದು ಮೇಜು, ಕುರ್ಚಿ, ಕಪಾಟು ಮಾಡಿಕೊಡುವ ಸಣ್ಣ ವರ್ಕ್‌ಶಾಪ್. ಕೆಲಸಕ್ಕೆ ಕೊರತೆ ಇಲ್ಲ, ಕಾಗದ ಮಾತ್ರ ಕೈ ಮೀರುತ್ತಿದೆ. ಗಿರಾಕಿಗೆ ಕೊಟ್ಟ ಕೊಟೇಶನ್, ಆರ್ಡರ್ ಚೀಟಿ, ಅಳತೆ ಬರೆದ ಚಿತ್ರ, ಮರ ಮತ್ತು ಹಾರ್ಡ್‌ವೇರ್ ಕೊಂಡ ಬಿಲ್ಲು, ನಾವು ಕೊಟ್ಟ ಬಿಲ್ಲಿನ ಪ್ರತಿ, ಡೆಲಿವರಿ ಚಲನ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಕಾಗದ, ಯಂತ್ರಗಳ ವಾರಂಟಿ ಕಾರ್ಡ್, ಬಾಡಿಗೆ ಕರಾರು. ಎಲ್ಲವೂ ಇವೆ, ಬೇಕಾದಾಗ ಸಿಗುವುದಿಲ್ಲ ಅಷ್ಟೇ.

ಈಗ ಗಿರಾಕಿಗೊಂದು, ಸಪ್ಲೈಯರ್‌ಗೊಂದು ಫೈಲ್ ಇದೆ. ಅದರ ಜೊತೆಗೆ ‘ಇತರೆ’ ಅಂತ ಒಂದು ಫೈಲ್ ಇದೆ, ಅದೇ ಎಲ್ಲಕ್ಕಿಂತ ದಪ್ಪ. ನನ್ನ ಪ್ರಶ್ನೆಗಳು: ಹೆಸರಿನ ಪ್ರಕಾರ ಜೋಡಿಸುವುದು ಒಳ್ಳೆಯದಾ, ತಾರೀಖಿನ ಪ್ರಕಾರವಾ? ಎಷ್ಟು ಫೈಲ್ ಬೇಕು? ಅಂಗಡಿಗಳಲ್ಲಿ ಮೆಷಿನ್‌ನಿಂದ ಪ್ರಿಂಟ್ ಮಾಡಿ ಕೊಡುವ ಬಿಲ್ಲುಗಳು ಅಕ್ಷರ ಮಾಸಿ ಬಿಳಿ ಆಗುತ್ತಿವೆ, ಅದಕ್ಕೇನು ಮಾಡುವುದು? ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಾಗದ ಬಿಸಾಡಬಹುದಾ?

ಲೆಕ್ಕಪುಸ್ತಕ

ಸಣ್ಣ ವ್ಯಾಪಾರಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಮೊದಲ ಮಾತು, ಇವತ್ತು ಹೊಸ ಫೈಲ್ ಕೊಳ್ಳಬೇಡಿ. ಬಹಳ ಜನ ಹತ್ತಾರು ಬಣ್ಣದ ಫೈಲ್ ತಂದು, ಚಂದದ ಲೇಬಲ್ ಹಚ್ಚಿ, ಆಮೇಲೆ ಒಳಗೆ ಏನು ಹಾಕುವುದು ಅಂತ ಯೋಚಿಸುತ್ತಾರೆ. ಕ್ರಮ ಉಲ್ಟಾ ಆಗಬೇಕು.

ಒಂದೊಂದು ಬಗೆಯ ಕಾಗದವನ್ನೂ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿ: ಇದನ್ನು ಮುಂದೆ ಯಾರು ಕೇಳುತ್ತಾರೆ, ಏನು ಹೇಳಿ ಕೇಳುತ್ತಾರೆ? ಗಿರಾಕಿ ಫೋನ್ ಮಾಡಿದರೆ ತನ್ನ ಹೆಸರು ಹೇಳುತ್ತಾರೆ. ತೆರಿಗೆಯವರು ಅಥವಾ ಆಡಿಟರ್ ಕೇಳಿದರೆ ವರ್ಷ, ತಿಂಗಳು, ಬಿಲ್ ನಂಬರ್ ಹೇಳುತ್ತಾರೆ. ಯಂತ್ರ ಕೆಟ್ಟರೆ ನೀವು ಹುಡುಕುವುದು ಯಂತ್ರದ ಹೆಸರಿನಲ್ಲಿ. ಹುಡುಕುವ ದಾರಿ ಯಾವುದೋ, ಜೋಡಿಸುವ ದಾರಿಯೂ ಅದೇ ಇರಬೇಕು. ಹಾಗಾಗಿ ಹೆಸರಾ ತಾರೀಖಾ ಅನ್ನುವುದಕ್ಕೆ ಇಡೀ ಆಫೀಸಿಗೆ ಒಂದೇ ಉತ್ತರ ಇಲ್ಲ.

ನೀವು ಕೊಟ್ಟ ಬಿಲ್ಲುಗಳನ್ನು ಬಿಲ್ ನಂಬರಿನ ಸಾಲಿನಲ್ಲೇ ಇಡಿ. ಗಿರಾಕಿಯ ಫೈಲಿಗೆ ಹಂಚಬೇಡಿ. ನಂಬರ್ ಸಾಲಾಗಿದ್ದರೆ ನಡುವೆ ಒಂದು ಕಾಣೆಯಾದ ತಕ್ಷಣ ಕಣ್ಣಿಗೆ ಬೀಳುತ್ತದೆ. ರದ್ದು ಮಾಡಿದ ಬಿಲ್ಲನ್ನೂ ಅಡ್ಡಗೆರೆ ಎಳೆದು ಅದೇ ಜಾಗದಲ್ಲಿ ಇಡಬೇಕು. ಹರಿದು ಹಾಕಿದರೆ, ಆ ನಂಬರ್ ಎಲ್ಲಿಗೆ ಹೋಯಿತು ಅಂತ ಮುಂದೆ ಯಾರಾದರೂ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ.

ಕೊಂಡ ಬಿಲ್ಲುಗಳದ್ದು ಬೇರೆ ಕಥೆ. ಒಬ್ಬೊಬ್ಬ ಸಪ್ಲೈಯರ್‌ದೂ ಅವರದೇ ನಂಬರ್, ಒಂದಕ್ಕೊಂದು ಸಂಬಂಧ ಇಲ್ಲ. ಅದಕ್ಕೆ ನಾವೇ ಒಂದು ಕ್ರಮ ಸಂಖ್ಯೆ ಕೊಡುತ್ತೇವೆ. ಬಿಲ್ ಬಂದಾಗ ಮೇಲಿನ ಬಲ ಮೂಲೆಯಲ್ಲಿ 1, 2, 3 ಅಂತ ಬರೆಯಿರಿ. ಲೆಕ್ಕದ ಪುಸ್ತಕದಲ್ಲೋ ಕಂಪ್ಯೂಟರಿನಲ್ಲೋ ಆ ಖರ್ಚು ದಾಖಲಿಸುವಾಗ ಅದೇ ಸಂಖ್ಯೆ ಹಾಕಿ. ಇಷ್ಟು ಮಾಡಿದರೆ ಸಪ್ಲೈಯರ್‌ಗೊಂದು ಫೈಲ್ ಬೇಕಾಗಿಲ್ಲ. ಪುಸ್ತಕದಲ್ಲಿ ಹೆಸರು ಹುಡುಕಿದರೆ ಸಂಖ್ಯೆ ಸಿಗುತ್ತದೆ, ಸಂಖ್ಯೆ ಹಿಡಿದು ಹೋದರೆ ಕಾಗದ ಸಿಗುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಪೆನ್ನು ಬಿಟ್ಟರೆ ಇದಕ್ಕೆ ಇನ್ನೇನೂ ಬೇಡ.

ಬೀರುಕೀಲಿ

ಲೆಕ್ಕಪುಸ್ತಕ ಅವರು ಹೇಳಿದ್ದು ಹಣದ ಕಾಗದಕ್ಕೆ ಪೂರ್ತಿ ಸರಿ. ಆದರೆ ಮರಗೆಲಸ ಅವರ ಅಂಗಡಿ ನಡೆಯುವುದು ಆರ್ಡರ್ ಮೇಲೆ. ಒಂದು ಕಪಾಟಿನ ಕೆಲಸ ನಡೆಯುತ್ತಿರುವಾಗ ಕೊಟೇಶನ್ ಒಂದು ಕಡೆ, ಅಳತೆ ಒಂದು ಕಡೆ, ಮುಂಗಡ ಹಣದ ರಸೀದಿ ಇನ್ನೊಂದು ಕಡೆ ಇದ್ದರೆ ಕಷ್ಟ ಅಲ್ವಾ?

ಆಫೀಸ್ ದಾಖಲೆ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ನನ್ನ ಸಲಹೆ ಇದು. ಆರ್ಡರ್ ಒಪ್ಪಿಕೊಂಡ ದಿನವೇ ಅದಕ್ಕೊಂದು ರಟ್ಟಿನ ಫೋಲ್ಡರ್ ತೆರೆಯಿರಿ. ಮೇಲೆ ಆರ್ಡರ್ ನಂಬರ್, ಗಿರಾಕಿ ಹೆಸರು, ಕೊಡಬೇಕಾದ ತಾರೀಖು. ಆ ಕೆಲಸಕ್ಕೆ ಸೇರಿದ ಪ್ರತಿಯೊಂದು ಚೀಟಿಯೂ ಅದರೊಳಗೆ. ಫೋಲ್ಡರ್ ವರ್ಕ್‌ಶಾಪಿನಲ್ಲಿ ಕೆಲಸದ ಜೊತೆಗೇ ಓಡಾಡಲಿ. ಕೆಲಸ ಮುಗಿದು ಹಣ ಪೂರ್ತಿ ಬಂದ ಮೇಲೆ ಒಳಗಿನ ಕಚ್ಚಾ ಚೀಟಿ, ಡಬಲ್ ಕಾಪಿ ತೆಗೆದುಹಾಕಿ, ಕೊನೆಯ ಅಳತೆ, ಸಹಿ ಮಾಡಿದ ಆರ್ಡರ್, ಡೆಲಿವರಿ ಚಲನ್ ಮಾತ್ರ ಉಳಿಸಿ ‘ಮುಗಿದ ಆರ್ಡರ್’ ಪೆಟ್ಟಿಗೆಗೆ ಕಳಿಸಿ. ಬಿಲ್ಲಿನ ಪ್ರತಿ ಹೇಗೂ ನಂಬರ್ ಸಾಲಿನಲ್ಲಿ ಇರುತ್ತದೆ. ಫೋಲ್ಡರಿನ ಮೇಲೆ ಬಿಲ್ ನಂಬರ್ ಬರೆದರೆ ಎರಡಕ್ಕೂ ಕೊಂಡಿ ಬಿತ್ತು.

ಇನ್ನೊಂದು ಮಾತು. ಯಾವ ಕಾರಣಕ್ಕೂ ಕಾಗದವನ್ನು ಒಂದರ ಮೇಲೊಂದು ರಾಶಿ ಹಾಕಬೇಡಿ, ನಿಲ್ಲಿಸಿ ಇಡಿ. ಇದರ ಹಿಂದೆ ದೊಡ್ಡ ಇತಿಹಾಸವೇ ಇದೆ. ಹತ್ತೊಂಬತ್ತನೆಯ ಶತಮಾನದ ಆಫೀಸುಗಳಲ್ಲಿ ಪತ್ರಗಳನ್ನು ಉದ್ದಕ್ಕೆ ಮಡಚಿ, ಹೊರಗಡೆ ಯಾರದು, ಯಾವ ವಿಷಯ, ಯಾವ ತಾರೀಖು ಅಂತ ಬರೆದು, ಮೇಜಿನ ಮೇಲಿನ ಸಣ್ಣ ಸಣ್ಣ ಗೂಡುಗಳಲ್ಲಿ ತುರುಕುತ್ತಿದ್ದರು. ಆಮೇಲೆ ಮಡಚದೆ ಚಪ್ಪಟೆಯಾಗಿ ಇಡುವ ಪೆಟ್ಟಿಗೆಗಳು ಬಂದವು. ಅದರಲ್ಲಿ ಕೆಳಗಿನ ಒಂದು ಹಾಳೆ ಬೇಕೆಂದರೆ ಮೇಲಿನದ್ದೆಲ್ಲ ಎತ್ತಬೇಕಿತ್ತು. ಗ್ರಂಥಾಲಯದ ದಶಾಂಶ ವರ್ಗೀಕರಣ ಮಾಡಿದ ಮೆಲ್ವಿಲ್ ಡ್ಯೂಯಿ ಕಟ್ಟಿದ ಲೈಬ್ರರಿ ಬ್ಯೂರೋ ಕಂಪನಿ, ಲೈಬ್ರರಿಯ ಪುಸ್ತಕಪಟ್ಟಿಯ ಕಾರ್ಡುಗಳಂತೆ ಕಾಗದವನ್ನೂ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಗೈಡ್ ಕಾರ್ಡ್ (ವಿಭಾಗ ತೋರಿಸುವ ರಟ್ಟು) ಇಡುವ ಪದ್ಧತಿಯನ್ನು 1893ರ ಶಿಕಾಗೋ ವಿಶ್ವ ಮೇಳದಲ್ಲಿ ತೋರಿಸಿತು. ಆಫೀಸುಗಳು ಅದನ್ನು ಬೇಗ ಹಿಡಿದುಕೊಂಡವು. ಕಾರಣ ಸರಳ. ನಿಂತ ಕಾಗದದಲ್ಲಿ ಒಂದನ್ನು ತೆಗೆದರೆ ಉಳಿದವು ಅಲ್ಲಾಡುವುದಿಲ್ಲ. ಇವತ್ತಿಗೂ ಈ ಕಾರಣ ಬದಲಾಗಿಲ್ಲ.

ಮರಗೆಲಸ

ಆರ್ಡರ್‌ಗೊಂದು ಫೋಲ್ಡರ್ ಅನ್ನುವುದು ತುಂಬಾ ಹಿಡಿಸಿತು. ಕ್ರಮ ಸಂಖ್ಯೆಯ ವಿಚಾರವೂ ಅಷ್ಟೇ. ಈಗ ಒಂದು ಅನುಮಾನ. ಬಿಲ್ಲುಗಳಿಗೆ ಲಿವರ್ ಇರುವ ದಪ್ಪ ಫೈಲ್ ಒಳ್ಳೆಯದಾ, ಡ್ರಾಯರ್‌ನಲ್ಲಿ ನೇತುಹಾಕುವ ಫೋಲ್ಡರ್ ಒಳ್ಳೆಯದಾ? ನಮ್ಮಲ್ಲಿ ರಂಧ್ರಗಳು ಒಂದೊಂದು ಹಾಳೆಯಲ್ಲಿ ಒಂದೊಂದು ಕಡೆ ಬೀಳುತ್ತಿವೆ. ಫೈಲ್ ಮುಚ್ಚಿದರೆ ಅಂಚುಗಳೆಲ್ಲ ಹೊರಗೆ.

ಲೇಖನಿಮಳಿಗೆ

ಇದು ನನ್ನ ವಿಷಯ, ಸ್ಟೇಶನರಿ ಮಾರುವುದೇ ಕೆಲಸ.

ಕ್ರಮ ಬದಲಾಗಬಾರದ ಕಾಗದಕ್ಕೆ ಲಿವರ್ ಫೈಲ್. ಬಿಲ್ಲು, ವೋಚರ್, ಬ್ಯಾಂಕ್ ಸ್ಟೇಟ್‌ಮೆಂಟ್ ಈ ಜಾತಿ. ರಂಧ್ರದಲ್ಲಿ ಕೂತ ಹಾಳೆ ಜಾರಿ ಬೀಳುವುದಿಲ್ಲ, ಕ್ರಮ ತಪ್ಪುವುದಿಲ್ಲ. ಮತ್ತೆ ಮತ್ತೆ ತೆಗೆದು ಹಾಕುವ, ಗಾತ್ರ ಬೇರೆ ಬೇರೆ ಇರುವ ಕಾಗದಕ್ಕೆ ನೇತುಹಾಕುವ ಫೋಲ್ಡರ್. ನಿಮ್ಮ ಆರ್ಡರ್ ಫೋಲ್ಡರ್‌ಗಳು ಈ ಜಾತಿ. ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ಏನಿಲ್ಲ.

ರಂಧ್ರದ ವಿಚಾರ. ಎರಡು ರಂಧ್ರದ ಪದ್ಧತಿಗೆ ಐಎಸ್‌ಒ 838 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ರಂಧ್ರಗಳ ನಡುಬಿಂದುವಿನ ಅಂತರ 80 ಮಿ.ಮೀ., ಅಂಚಿನಿಂದ ದೂರ 12 ಮಿ.ಮೀ., ರಂಧ್ರದ ಅಗಲ 6 ಮಿ.ಮೀ. ಮಾನದಂಡ ಪಾಲಿಸಿದ ಯಾವ ಪಂಚ್, ಯಾವ ಫೈಲ್ ಕೊಂಡರೂ ಒಂದಕ್ಕೊಂದು ಹೊಂದುತ್ತದೆ. ಅಮೆರಿಕದ ಕಡೆಯ ಮೂರು ರಂಧ್ರದ ಫೈಲ್ ಬೇರೆ, ಅದನ್ನು ಇದಕ್ಕೆ ಬೆರೆಸಬೇಡಿ. ನಿಮ್ಮ ಹಾಳೆಗಳು ಹೊರಗೆ ಬರುತ್ತಿರುವುದು ಪಂಚ್ ಕೆಟ್ಟು ಅಲ್ಲ. ಪಂಚ್ ಪಕ್ಕದಲ್ಲಿ ಹೊರಗೆ ಎಳೆಯುವ ಒಂದು ಪಟ್ಟಿ ಇರುತ್ತದೆ ನೋಡಿ. ಅದನ್ನು ಎಳೆದು ಎ4 ಗುರುತಿಗೆ ನಿಲ್ಲಿಸಿ, ಹಾಳೆಯ ಅಂಚನ್ನು ಅದಕ್ಕೆ ತಾಗಿಸಿ ಒತ್ತಿ. ಸಣ್ಣ ಬಿಲ್ಲಿಗೆ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಅರ್ಧಕ್ಕೆ ಸ್ವಲ್ಪ ಮಡಚಿ ಮಧ್ಯದ ಗುರುತು ಮಾಡಿ, ಪಂಚ್ ಮೇಲಿನ ಬಾಣದ ಗುರುತಿಗೆ ಹೊಂದಿಸಿ. ಇನ್ನೂ ಚಿಕ್ಕ ಚೀಟಿಯನ್ನು ಎ4 ಹಾಳೆಗೆ ಅಂಟಿಸಿ ಆ ಹಾಳೆಗೆ ರಂಧ್ರ ಹಾಕಿ.

ಜರ್ಮನಿಯ ಫ್ರೀಡ್ರಿಶ್ ಸೊನೆಕನ್ 1886ರಲ್ಲಿ ಪಂಚ್ ಮತ್ತು ಫೈಲ್‌ಗೆ ಪೇಟೆಂಟ್ ಪಡೆದರು. ಅದೇ ದೇಶದ ಲೂಯಿ ಲೈಟ್ಸ್ 1896ರ ಹೊತ್ತಿಗೆ ಲಿವರ್ ವ್ಯವಸ್ಥೆಯನ್ನು ಸುಧಾರಿಸಿದರು. ಇವತ್ತು ನಾವು ಬಳಸುವುದು ಹೆಚ್ಚುಕಡಿಮೆ ಅದನ್ನೇ. ಇಷ್ಟು ಕಾಲ ಬಾಳಿದ ವಸ್ತುವನ್ನು ನಾನಂತೂ ಗೌರವದಿಂದಲೇ ಮಾರುತ್ತೇನೆ.

ಫೈಲನ್ನು ಗಂಟಲವರೆಗೆ ತುಂಬಬೇಡಿ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಎ4 ಹಾಳೆ ಒಂದಕ್ಕೆ 5 ಗ್ರಾಂ ತೂಕ. 500 ಹಾಳೆ ಅಂದರೆ ಎರಡೂವರೆ ಕೆ.ಜಿ., ದಪ್ಪ ಸುಮಾರು 5 ಸೆಂ.ಮೀ. 8 ಸೆಂ.ಮೀ. ಬೆನ್ನಿನ ಫೈಲ್‌ಗೆ ಅಷ್ಟು ಸಾಕು. ಅದಕ್ಕಿಂತ ಜಾಸ್ತಿ ತುಂಬಿದರೆ ಹಾಳೆ ಹಿಡಿಯುವ ಕಬ್ಬಿಣದ ಕಮಾನು ಬಾಗುತ್ತದೆ, ಅದರ ಬಾಯಿ ಸರಿಯಾಗಿ ಕೂಡುವುದಿಲ್ಲ, ಮಗುಚುವಾಗ ಹಾಳೆ ಹರಿಯುತ್ತದೆ. ಶೆಲ್ಫ್ ಲೆಕ್ಕವನ್ನೂ ಹಾಕಿಕೊಳ್ಳಿ. ಒಂದು ಮೀಟರ್ ಶೆಲ್ಫಿನಲ್ಲಿ ಇಂಥ 12 ಫೈಲ್ ಕೂರುತ್ತವೆ. ಕಾಗದದ ತೂಕವೇ 30 ಕೆ.ಜಿ., ಫೈಲಿನ ರಟ್ಟು ಕಬ್ಬಿಣ ಬೇರೆ. ತೆಳು ಹಲಗೆ ಬಾಗುತ್ತದೆ. ಈ ವಿಷಯದಲ್ಲಿ ಮರಗೆಲಸ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ!

ದಾಖಲೆಕೋಣೆ

ಹಳೆಯ ದಾಖಲೆಗಳ ಸಂರಕ್ಷಣೆ ನನ್ನ ಕ್ಷೇತ್ರ. ಮಾಸುವ ಬಿಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನು ನಾನು ಹೇಳುತ್ತೇನೆ. ಇದು ತುರ್ತು ವಿಷಯ, ದಯವಿಟ್ಟು ಮುಂದೂಡಬೇಡಿ.

ಆ ಮೆಷಿನ್ ಬಿಲ್ಲಿನಲ್ಲಿ ಶಾಯಿಯೇ ಇಲ್ಲ. ಅದು ಥರ್ಮಲ್ ಪೇಪರ್. ಹಾಳೆಯ ಮೇಲಿನ ಲೇಪನದಲ್ಲಿ ಬಣ್ಣವಿಲ್ಲದ ಒಂದು ಡೈ, ಅದನ್ನು ಕಪ್ಪು ಮಾಡುವ ಇನ್ನೊಂದು ರಾಸಾಯನಿಕ ಎರಡೂ ಇರುತ್ತವೆ. ಪ್ರಿಂಟರಿನ ಬಿಸಿ ತಾಗಿದ ಕಡೆ ಎರಡೂ ಕೂಡಿ ಅಕ್ಷರ ಮೂಡುತ್ತದೆ. ಬಿಸಿಲು, ಸೆಕೆ, ತೇವ, ಎಣ್ಣೆ, ಕೈಗೆ ಹಚ್ಚುವ ಕ್ರೀಮು ಎಲ್ಲವೂ ಆ ಜೋಡಣೆಯನ್ನು ಕೆಡಿಸುತ್ತವೆ. ಜನ ಕಾಪಾಡಲಿಕ್ಕೆ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಹಾಕುತ್ತಾರೆ. ಆ ಕವರ್ ಪಿವಿಸಿ ಆಗಿದ್ದರೆ ಅದನ್ನು ಮೆತ್ತಗೆ ಮಾಡಲು ಸೇರಿಸಿದ ರಾಸಾಯನಿಕವೇ ಅಕ್ಷರವನ್ನು ಇನ್ನೂ ಬೇಗ ತಿಂದುಹಾಕುತ್ತದೆ. ಅಂಟು ಟೇಪನ್ನೂ ಅಕ್ಷರದ ಮೇಲೆ ಹಚ್ಚಬೇಡಿ. ಬಿಸಿ ಲ್ಯಾಮಿನೇಶನ್ ಮಾಡಿಸಿದರಂತೂ ಇಡೀ ಬಿಲ್ಲು ಕಪ್ಪಾಗುತ್ತದೆ.

ಮಾಡಬೇಕಾದದ್ದು ಇಷ್ಟೇ. ಬಿಲ್ ಬಂದ ವಾರದಲ್ಲೇ ಸಾಮಾನ್ಯ ಕಾಗದದ ಮೇಲೆ ಫೋಟೋಕಾಪಿ ತೆಗೆಸಿ. ಒಂದು ಎ4 ಹಾಳೆಯಲ್ಲಿ ನಾಲ್ಕೈದು ಬಿಲ್ ಕೂರುತ್ತವೆ. ಕ್ರಮ ಸಂಖ್ಯೆಯನ್ನು ಕಾಪಿ ಮಾಡುವ ಮೊದಲೇ ಪ್ರತಿ ಬಿಲ್ಲಿನ ಮೇಲೂ ಬರೆಯಿರಿ, ಅದೂ ಕಾಪಿಯಲ್ಲಿ ಬರುತ್ತದೆ. ಮೂಲ ಬಿಲ್ಲುಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿ ಕಾಪಿಯ ಹಿಂದೆ ಇಡಿ. ಆಗಲೇ ಮಸುಕಾದ ಬಿಲ್ಲುಗಳನ್ನು ಬಿಸಾಡುವ ಮುಂಚೆ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಹೆಚ್ಚಿಸಿ ನೋಡಿ. ಕಣ್ಣಿಗೆ ಕಾಣದ ಅಕ್ಷರ ಕೆಲವೊಮ್ಮೆ ಅಲ್ಲಿ ಎದ್ದು ಬರುತ್ತದೆ. ತಾರೀಖು, ಮೊತ್ತ ಓದಲು ಸಿಕ್ಕರೂ ದೊಡ್ಡ ಲಾಭ.

ಉಳಿದ ಕಾಗದದ ಬಗ್ಗೆ ಕೆಲವು ಮಾತು. ರಬ್ಬರ್ ಬ್ಯಾಂಡ್ ಬೇಡವೇ ಬೇಡ. ಕಾಲ ಕಳೆದಂತೆ ಅದು ಕರಗಿದ ಹಾಗೆ ಅಂಟಿಕೊಂಡು, ಒಣಗಿ, ಹಾಳೆಯ ಮೇಲೆ ಕಂದು ಕಲೆ ಬಿಡುತ್ತದೆ. ಕಟ್ಟಬೇಕೆಂದರೆ ಹತ್ತಿಯ ಲಾಡಿ ಸಾಕು. ಗುಂಡುಪಿನ್ನು, ಸ್ಟೇಪಲ್ ತೇವಕ್ಕೆ ತುಕ್ಕು ಹಿಡಿಯುತ್ತವೆ. ಒಂದೆರಡು ವರ್ಷ ಇಡುವ ಕಾಗದಕ್ಕೆ ಪರವಾಗಿಲ್ಲ. ಕರಾರು ಪತ್ರ, ಜಾಗದ ದಾಖಲೆ, ನೋಂದಣಿ ಪ್ರಮಾಣಪತ್ರದಂಥವಕ್ಕೆ ಯಾವ ಲೋಹವೂ ಬೇಡ. ಅವನ್ನು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರಿನಲ್ಲಿ ಇಡಬಹುದು. ಲೇಸರ್ ಪ್ರಿಂಟಿನ ಟೋನರ್ ಪಿವಿಸಿ ಕವರಿಗೆ ಅಂಟಿಕೊಂಡು ಹಾಳೆಯಿಂದ ಕಿತ್ತು ಬರುತ್ತದೆ, ಹಾಗಾಗಿ ಕೊಳ್ಳುವಾಗ ವಸ್ತು ಯಾವುದು ಅಂತ ನೋಡಿಯೇ ಕೊಳ್ಳಿ.

ಜಾಗದ ಬಗ್ಗೆ ಒಂದೇ ಮಾತು: ತೇವ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಹಾಗೇ ಉಳಿದರೆ ಬೂಸ್ಟು ಬರುತ್ತದೆ. ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ, ಒಂದು ಗೇಣು ಎತ್ತರದಲ್ಲಿ ಇರಲಿ. ಹೊರಗೋಡೆಗೆ ತಾಗಿಸಬೇಡಿ, ನಡುವೆ ಗಾಳಿ ಆಡಲಿ. ನೀರಿನ ಪೈಪಿನ ಕೆಳಗಂತೂ ಬೇಡ. ಮರದ ಪುಡಿ ಹಾರುವ ಜಾಗದಿಂದಲೂ ದೂರ ಇಡಿ. ಪುಡಿ ತೇವವನ್ನು ಹಿಡಿದಿಡುತ್ತದೆ, ಬೆಂಕಿಯ ಭಯ ಬೇರೆ. ಅಕಸ್ಮಾತ್ ಕಾಗದ ನೆನೆದರೆ 48 ಗಂಟೆಯೊಳಗೆ ಒಣಗಿಸಬೇಕು, ತಡವಾದರೆ ಬೂಸ್ಟು ಶುರುವಾಗುತ್ತದೆ. ಬಿಸಿಲಿಗೆ ಹಾಕಬೇಡಿ, ಇಸ್ತ್ರಿ ಮಾಡಬೇಡಿ. ನೆರಳಿನಲ್ಲಿ ಹರವಿ ಫ್ಯಾನ್ ಹಾಕಿ, ಗಾಳಿ ನೇರವಾಗಿ ಹಾಳೆಗೆ ಬಡಿಯದಿರಲಿ. ಅಷ್ಟು ಬೇಗ ಎಲ್ಲವನ್ನೂ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿ ಇಡಿ. ಹೆಪ್ಪುಗಟ್ಟಿದ ಕಾಗದದಲ್ಲಿ ಬೂಸ್ಟು ಬೆಳೆಯುವುದಿಲ್ಲ, ಆಮೇಲೆ ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಬಹುದು.

ಸ್ಕ್ಯಾನ್‌ಪ್ರಿಯ

ಇಷ್ಟೆಲ್ಲ ಕಷ್ಟ ಯಾಕೆ ಅಂತ ನನಗೆ ನಿಜವಾಗಿಯೂ ಅನಿಸುತ್ತದೆ. ಕಾಗದ ಬಂದ ದಿನವೇ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ ಇಟ್ಟರೆ ಬೂಸ್ಟೂ ಇಲ್ಲ, ತುಕ್ಕೂ ಇಲ್ಲ. ಹೆಸರು ಕೊಡುವಾಗ ವರ್ಷ-ತಿಂಗಳು-ದಿನ ಕ್ರಮದಲ್ಲಿ ಶುರು ಮಾಡಿ, ಆಮೇಲೆ ಸಪ್ಲೈಯರ್ ಹೆಸರು, ಕ್ರಮ ಸಂಖ್ಯೆ. ವರ್ಷ ಮೊದಲು ಬಂದರೆ ಕಂಪ್ಯೂಟರ್ ತಾನಾಗಿಯೇ ತಾರೀಖಿನ ಸಾಲಿನಲ್ಲಿ ಜೋಡಿಸುತ್ತದೆ. ದಿನ ಮೊದಲು ಹಾಕಿದರೆ ಎಲ್ಲ ತಿಂಗಳ ಒಂದನೇ ತಾರೀಖು ಒಟ್ಟಿಗೆ ಬಂದು ಕೂರುತ್ತದೆ, ಏನೂ ಪ್ರಯೋಜನ ಇಲ್ಲ. ಬಹಳ ಕಾಲ ಇಡುವುದಕ್ಕೆ ಪಿಡಿಎಫ್/ಎ ಅಂತ ಒಂದು ಬಗೆ ಇದೆ, 2005ರಲ್ಲಿ ಐಎಸ್‌ಒ ಮಾನದಂಡವಾಯಿತು. ಫಾಂಟ್ ಮುಂತಾದ್ದೆಲ್ಲ ಫೈಲಿನ ಒಳಗೇ ಇರುತ್ತದೆ, ಹಾಗಾಗಿ ಮುಂದೆ ಬೇರೆ ಕಂಪ್ಯೂಟರಿನಲ್ಲಿ ತೆರೆದರೂ ಹಾಗೇ ಕಾಣುತ್ತದೆ.

ಬ್ಯಾಕಪ್ ಮಾತ್ರ ಕಡ್ಡಾಯ. ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಅಂಗಡಿಯಿಂದ ಹೊರಗೆ. ಬೆಂಕಿ ಬಿದ್ದರೆ ಕಾಗದದ ಫೈಲಿಗೆ ಎರಡನೇ ಪ್ರತಿ ಎಲ್ಲಿದೆ ಹೇಳಿ?

ಲೆಕ್ಕಪುಸ್ತಕ

ಬೆಂಕಿಯ ವಿಚಾರದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಎರಡು ಕಾರಣಕ್ಕೆ ಕಾಗದ ಬಿಸಾಡಿ ಅಂತ ನಾನು ಹೇಳುವುದಿಲ್ಲ.

ಒಂದು, ಸ್ಕ್ಯಾನ್ ಪ್ರತಿಯನ್ನು ಎಷ್ಟರ ಮಟ್ಟಿಗೆ ಒಪ್ಪುತ್ತಾರೆ ಅನ್ನುವುದು ಒಂದೊಂದು ದೇಶದಲ್ಲಿ ಒಂದೊಂದು ರೀತಿ, ಒಂದೊಂದು ಕಾಗದಕ್ಕೂ ಒಂದೊಂದು ರೀತಿ. ಶಾಯಿಯ ಸಹಿ, ಮುದ್ರೆ, ಸ್ಟಾಂಪ್ ಇರುವ ಮೂಲ ಪತ್ರಕ್ಕೆ ಎಲ್ಲ ಕಡೆಯೂ ಬೆಲೆ ಇದೆ. ಕರಾರು, ಸಾಲದ ಪತ್ರ, ಆಸ್ತಿಯ ಕಾಗದ, ಷೇರು, ವಿಮೆ, ಲೈಸೆನ್ಸ್ ಇವನ್ನು ಸ್ಕ್ಯಾನ್ ಮಾಡಿ, ಮೂಲವನ್ನೂ ಇಡಿ. ಬಿಸಾಡುವ ನಿರ್ಧಾರ ಮಾಡುವ ಮೊದಲು ನಿಮ್ಮ ಊರಿನ ನಿಯಮ ತಿಳಿದ ಅಕೌಂಟೆಂಟ್ ಹತ್ತಿರ ಬರಹದಲ್ಲಿ ಕೇಳಿಕೊಳ್ಳಿ.

ಎರಡು, ಸ್ಕ್ಯಾನ್ ಮಾಡಿದರೆ ವಿಂಗಡಿಸುವ ಕೆಲಸ ತಪ್ಪುವುದಿಲ್ಲ. ಸಂಖ್ಯೆ ಹಾಕದೆ, ಹೆಸರು ಕೊಡದೆ ಸಾವಿರ ಫೈಲ್ ಒಂದೇ ಫೋಲ್ಡರಿಗೆ ಸುರಿದರೆ ಅದೂ ರಾಶಿಯೇ, ಕಣ್ಣಿಗೆ ಕಾಣದ ರಾಶಿ. ಕಾಗದದ ಮೇಲೆ ಹಾಕಿದ ಕ್ರಮ ಸಂಖ್ಯೆಯನ್ನೇ ಸ್ಕ್ಯಾನ್ ಹೆಸರಿನಲ್ಲೂ ಬಳಸಿ. ಆಗ ಎರಡೂ ಒಂದಕ್ಕೊಂದು ಆಧಾರ.

ಸ್ಕ್ಯಾನ್‌ಪ್ರಿಯ

ಮೂಲ ಪತ್ರಗಳ ಮಾತು ನ್ಯಾಯವಾಗಿದೆ. ಯಂತ್ರದ ಕೈಪಿಡಿ, ಹಳೆ ಕೊಟೇಶನ್, ಸಪ್ಲೈಯರ್ ಕೆಟಲಾಗ್ ಇವುಗಳಿಗಾದರೂ ಕಾಗದ ಬೇಡ ಅಂತ ಒಪ್ಪಿಕೊಳ್ಳಿ. ಜಾಗ ತಿನ್ನುವುದು ಇವೇ.

ಲೆಕ್ಕಪುಸ್ತಕ

ಅದಕ್ಕೆ ಧಾರಾಳವಾಗಿ ಒಪ್ಪಿಗೆ ಇದೆ.

ಹೊಲಿಗೆಯಂತ್ರ

ನಾನು ಹೊಲಿಗೆ ಘಟಕ ನಡೆಸುತ್ತೇನೆ. ಮೇಲಿನ ಮಾತೆಲ್ಲ ಚೆನ್ನಾಗಿವೆ. ಆದರೆ ದಿನಾ ಕೈಯಿಂದ ಮಾಡುವವರ ಕಡೆಯಿಂದ ಒಂದು ಮಾತು: ವಿಭಾಗಗಳು ಕಡಿಮೆ ಇರಲಿ. ಒಂದು ಚೀಟಿ ಕೈಗೆ ಬಂದಾಗ ‘ಇದು ರಿಪೇರಿ ಖರ್ಚಾ, ಬಿಡಿಭಾಗದ ಖರ್ಚಾ’ ಅಂತ ನಿಂತು ಯೋಚಿಸಬೇಕಾಗಿ ಬಂದರೆ, ಆ ಚೀಟಿ ಮೇಜಿನ ಮೇಲೇ ಉಳಿಯುತ್ತದೆ. ಖರ್ಚಿನ ಬಗೆ ಯಾವುದು ಅನ್ನುವುದನ್ನು ಲೆಕ್ಕದ ಪುಸ್ತಕ ನೋಡಿಕೊಳ್ಳಲಿ. ಕಾಗದಕ್ಕೆ ‘ಕೊಂಡದ್ದು’ ಅಂತ ಒಂದೇ ಫೈಲ್ ಸಾಕು. ನಮ್ಮಲ್ಲಿ ಕೊಂಡದ್ದು, ಮಾರಿದ್ದು, ಬ್ಯಾಂಕ್, ಕೆಲಸಗಾರರು, ಸರ್ಕಾರ, ಯಂತ್ರ ಮತ್ತು ಜಾಗ, ಇಷ್ಟೇ ಇರುವುದು. ‘ಇತರೆ’ ಅನ್ನುವ ಫೈಲ್ ಇಲ್ಲವೇ ಇಲ್ಲ. ಅದನ್ನು ಇಟ್ಟ ದಿನದಿಂದ ಎಲ್ಲವೂ ಅದರೊಳಗೇ ಹೋಗುತ್ತದೆ, ಮರಗೆಲಸ ಅವರಿಗೆ ಇದು ಗೊತ್ತಾಗಿದೆ.

ಮೇಜಿನ ಮೇಲೆ ಎರಡೇ ಟ್ರೇ. ಒಂದು ‘ಬಂದದ್ದು’, ಇನ್ನೊಂದು ‘ಫೈಲ್ ಮಾಡುವುದು’. ಹಣ ಕೊಡುವ ಮೊದಲು ಬಿಲ್ಲು ಫೈಲಿಗೆ ಹೋಗಬಾರದು. ಕೊಟ್ಟ ಮೇಲೆ ತಾರೀಖು, ಚೆಕ್ಕಾ ನಗದಾ ಬ್ಯಾಂಕಿನಿಂದಲಾ ಅಂತ ಬಿಲ್ಲಿನ ಮೇಲೇ ಬರೆದು ಎರಡನೇ ಟ್ರೇಗೆ ಹಾಕುತ್ತೇವೆ. ವಾರಕ್ಕೊಮ್ಮೆ, ದಿನ ಮತ್ತು ಹೊತ್ತು ಗೊತ್ತುಮಾಡಿಕೊಂಡು, ಆ ಟ್ರೇ ಖಾಲಿ ಮಾಡುತ್ತೇವೆ. ತಿಂಗಳಿಗೊಮ್ಮೆ ಅಂದರೆ ಆಗುವುದಿಲ್ಲ. ಅಷ್ಟರಲ್ಲಿ ಚೀಟಿ ಯಾತಕ್ಕೆ ಅನ್ನುವುದೇ ಮರೆತಿರುತ್ತದೆ.

ಮುಂದಿನ ತಾರೀಖಿಗೆ ನೆನಪಾಗಬೇಕಾದ ಕಾಗದಕ್ಕೆ 43 ಫೋಲ್ಡರಿನ ಹಳೆಯ ಪದ್ಧತಿ ಒಂದಿದೆ. 12 ತಿಂಗಳಿಗೆ 12, ತಿಂಗಳ ದಿನಗಳಿಗೆ 31. ಆ ದಿನ ಬಂದಾಗ ಆ ಫೋಲ್ಡರ್ ತೆರೆಯುವುದು. ಸಣ್ಣ ಅಂಗಡಿಗೆ 31 ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ತಿಂಗಳಿನ 12 ಇದ್ದರೆ ವಿಮೆ ನವೀಕರಣ, ಲೈಸೆನ್ಸ್, ಯಂತ್ರದ ಸರ್ವಿಸ್ ಎಲ್ಲ ಹಿಡಿಯುತ್ತದೆ. ಒಂದೇ ಎಚ್ಚರಿಕೆ: ನವೀಕರಣದ ಕಾಗದವನ್ನು ಮುಗಿಯುವ ತಿಂಗಳಿನ ಫೋಲ್ಡರಿಗೆ ಹಾಕಬೇಡಿ, ಅದರ ಹಿಂದಿನ ತಿಂಗಳಿಗೆ ಹಾಕಿ.

ಮರಗೆಲಸ

ಎಲ್ಲರಿಗೂ ಧನ್ಯವಾದ. ‘ಇತರೆ’ ಫೈಲನ್ನು ಮೊದಲು ಬಿಡಿಸುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ವರ್ಷ ಮುಗಿದ ಕಾಗದವನ್ನು ಎಷ್ಟು ಕಾಲ ಇಡಬೇಕು, ಅದನ್ನು ನೆನಪಿಡುವುದು ಹೇಗೆ? ಇನ್ನೊಂದು, ಹಿಂದಿನ ವರ್ಷಗಳ ರಾಶಿ ಇದೆಯಲ್ಲ, ಅದನ್ನೆಲ್ಲ ಈ ಹೊಸ ಪದ್ಧತಿಗೆ ತರಬೇಕಾ?

ಬೀರುಕೀಲಿ

ಎಷ್ಟು ವರ್ಷ ಅನ್ನುವುದನ್ನು ನಿಮ್ಮ ಕಡೆಯ ತೆರಿಗೆ ಮತ್ತು ಕಾರ್ಮಿಕ ಕಾನೂನು ಹೇಳುತ್ತದೆ. ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿ: ಯಾವ ಕಾಗದ, ಎಷ್ಟು ವರ್ಷ, ಯಾವತ್ತಿನಿಂದ ಲೆಕ್ಕ. ಈ ‘ಯಾವತ್ತಿನಿಂದ’ ಅನ್ನುವುದೇ ಬಹಳ ಮುಖ್ಯ. ಲೆಕ್ಕಪತ್ರದ ಅವಧಿಯನ್ನು ಸಾಮಾನ್ಯವಾಗಿ ಬಿಲ್ಲಿನ ತಾರೀಖಿನಿಂದ ಎಣಿಸುವುದಿಲ್ಲ. ಹಣಕಾಸು ವರ್ಷ ಮುಗಿದ ದಿನದಿಂದಲೋ, ರಿಟರ್ನ್ ಸಲ್ಲಿಸಿದ ದಿನದಿಂದಲೋ ಎಣಿಸುತ್ತಾರೆ. ಕರಾರಿನದ್ದು ಸಹಿ ಹಾಕಿದ ದಿನದಿಂದಲ್ಲ, ಕರಾರು ಮುಗಿದ ಮೇಲೆ. ಯಂತ್ರ ಕೊಂಡ ಬಿಲ್ಲನ್ನು ಯಂತ್ರ ನಿಮ್ಮ ಹತ್ತಿರ ಇರುವವರೆಗೂ ಇಡಬೇಕು, ಮಾರಿದ ಮೇಲೆ ಅವಧಿ ಶುರು. ಅದಕ್ಕೇ ಯಂತ್ರದ ಬಿಲ್ಲನ್ನು ಮಾಮೂಲಿ ಖರ್ಚಿನ ಬಿಲ್ಲುಗಳ ಜೊತೆ ಬಿಡಬಾರದು. ಅಲ್ಲಿ ಒಂದು ಕಾಪಿ ಇಟ್ಟು ಮೂಲವನ್ನು ಯಂತ್ರದ ಫೈಲಿಗೆ ಸೇರಿಸಿ. ಆ ಯಂತ್ರದ ವಾರಂಟಿ ಕಾರ್ಡೂ ಅಲ್ಲೇ ಇರಲಿ.

ವರ್ಷ ಮುಗಿದಾಗ ಫೈಲಿನಲ್ಲಿರುವುದನ್ನು ಹಾಗೇ ಎತ್ತಿ ರಟ್ಟಿನ ಪೆಟ್ಟಿಗೆಗೆ ಹಾಕಿ. ಮತ್ತೆ ಜೋಡಿಸಲು ಹೋಗಬೇಡಿ. ಪೆಟ್ಟಿಗೆಯ ಮೇಲಲ್ಲ, ಪಕ್ಕದ ಮೈಯಲ್ಲಿ ಬರೆಯಿರಿ. ಒಂದರ ಮೇಲೊಂದು ಇಟ್ಟಾಗ ಮೇಲಿನ ಬರಹ ಮುಚ್ಚಿಹೋಗುತ್ತದೆ. ಮೂರು ಸಾಲು ಸಾಕು: ಒಳಗೆ ಏನಿದೆ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ, ಯಾವ ತಾರೀಖಿನ ನಂತರ ನಾಶ ಮಾಡಬಹುದು. ಮೂರನೇ ಸಾಲನ್ನು ಪೆಟ್ಟಿಗೆ ಮುಚ್ಚುವ ದಿನವೇ ಬರೆಯಬೇಕು. ಆಮೇಲೆ ಬರೆಯೋಣ ಅಂತ ಬಿಟ್ಟ ಪೆಟ್ಟಿಗೆಯನ್ನು ಎಸೆಯುವ ಧೈರ್ಯ ಯಾರಿಗೂ ಬರುವುದಿಲ್ಲ, ಅದು ಸುಮ್ನೆ ಜಾಗ ಹಿಡಿದು ಕೂರುತ್ತದೆ. ಯಾವುದಾದರೂ ವ್ಯಾಜ್ಯ, ತಪಾಸಣೆ, ವಿಮೆಯ ಕ್ಲೇಮು ನಡೆಯುತ್ತಿದ್ದರೆ ಅದಕ್ಕೆ ಸೇರಿದ ಪೆಟ್ಟಿಗೆಗೆ ‘ತಡೆ’ ಅಂತ ಕೆಂಪು ಚೀಟಿ ಹಚ್ಚಿ. ತಾರೀಖು ಬಂದರೂ ಮುಟ್ಟಬಾರದು.

ನಾಶ ಮಾಡುವಾಗ ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ಪೆಟ್ಟಿಗೆ, ಯಾವ ದಿನ, ಯಾರು. ಜನರ ಹೆಸರು, ಬ್ಯಾಂಕ್ ಖಾತೆ, ಸಂಬಳ ಇರುವ ಕಾಗದವನ್ನು ರದ್ದಿಗೆ ಹಾಕಬೇಡಿ. ಕತ್ತರಿಸುವ ಯಂತ್ರ ಕೊಳ್ಳುವುದಾದರೆ ಉದ್ದುದ್ದ ಪಟ್ಟಿ ಮಾಡುವುದು ಬೇಡ, ಪಟ್ಟಿಗಳನ್ನು ಮತ್ತೆ ಜೋಡಿಸಬಹುದು. ಯಂತ್ರದ ಮೇಲೆ ಜರ್ಮನಿಯ ಡಿಐಎನ್ 66399 ಮಾನದಂಡದ ಪಿ-4 ಮಟ್ಟ ಅಂತ ಇದ್ದರೆ ಒಂದು ಚೂರು 160 ಚದರ ಮಿ.ಮೀ. ಮೀರುವುದಿಲ್ಲ, ಸಣ್ಣ ವ್ಯಾಪಾರಕ್ಕೆ ಅಷ್ಟು ಸಾಕು. ಕೆಲಸಗಾರರ ಫೈಲ್ ಇಟ್ಟ ಡ್ರಾಯರ್‌ಗೆ ಬೀಗ ಇರಲೇಬೇಕು. ಅವರ ಆರೋಗ್ಯದ ಕಾಗದ ಇದ್ದರೆ ಬೇರೆ ಲಕೋಟೆಯಲ್ಲಿ ಮುಚ್ಚಿಡಿ. ನಮ್ಮನ್ನು ನಂಬಿ ಕೊಟ್ಟ ಕಾಗದ ಅದು.

ಲೆಕ್ಕಪುಸ್ತಕ

ಹಳೆಯ ರಾಶಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹೊಸ ಪದ್ಧತಿಗೆ ತರಬೇಡಿ. ಬಹಳ ಜನ ಅದರಿಂದ ಶುರು ಮಾಡಿ, ಅರ್ಧಕ್ಕೆ ಸುಸ್ತಾಗಿ, ಅಷ್ಟರಲ್ಲಿ ಈ ವರ್ಷದ ಕಾಗದವೂ ರಾಶಿಯಾಗಿ ಬಿಡುತ್ತದೆ. ಹೊಸ ಪದ್ಧತಿ ಇವತ್ತು ಬರುವ ಕಾಗದದಿಂದ ಶುರುವಾಗಲಿ. ನಡೆಯುತ್ತಿರುವ ಹಣಕಾಸು ವರ್ಷದ್ದನ್ನು ಮಾತ್ರ ಹಿಂದಕ್ಕೆ ಹೋಗಿ ಸರಿಮಾಡಿ.

ಅದಕ್ಕಿಂತ ಹಳೆಯದನ್ನು ವರ್ಷದ ಪ್ರಕಾರ ಮಾತ್ರ ಬೇರ್ಪಡಿಸಿ. ಒಂದು ವರ್ಷಕ್ಕೆ ಒಂದು ಪೆಟ್ಟಿಗೆ, ಒಳಗೆ ಕ್ರಮ ಇಲ್ಲದಿದ್ದರೂ ಪರವಾಗಿಲ್ಲ. ಬೇರ್ಪಡಿಸುವಾಗ ಮೂರು ಜಾತಿಯ ಕಾಗದ ಕಣ್ಣಿಗೆ ಬಿದ್ದರೆ ಎತ್ತಿಟ್ಟುಕೊಳ್ಳಿ: ಸಹಿ ಇರುವ ಕರಾರು, ಯಂತ್ರ ಅಥವಾ ಜಾಗ ಕೊಂಡದ್ದರ ಕಾಗದ, ಇನ್ನೂ ಹಣ ಬರಬೇಕಾದ ಬಿಲ್ಲು. ಹೀಗೆ ಮಾಡುವಾಗ ಮೂರನೆಯದು ಒಂದೆರಡಾದರೂ ಸಿಗುವುದನ್ನು ನಾನು ಬಹಳ ಕಡೆ ನೋಡಿದ್ದೇನೆ.

ಮರಗೆಲಸ

ಮೂರನೆಯದು ಇದ್ದರೂ ಇರಬಹುದು, ಹುಡುಕುತ್ತೇನೆ. ಪೆಟ್ಟಿಗೆಯ ಮೇಲೆ ಬರೆಯಲು ಮಾರ್ಕರ್ ಸಾಕಾ, ಅಕ್ಷರ ಮಾಸುತ್ತದಾ?

ದಾಖಲೆಕೋಣೆ

ಕೆಲವು ಬಣ್ಣದ ಮಾರ್ಕರ್ ಬೆಳಕಿಗೆ ಮಾಸುತ್ತದೆ. ಕಪ್ಪು ಪಿಗ್ಮೆಂಟ್ ಶಾಯಿಯ ಪೆನ್ನು ಅಂತ ಕೇಳಿ ತನ್ನಿ. ಅದೂ ಸಿಗದಿದ್ದರೆ ಪೆನ್ಸಿಲ್‌ನಲ್ಲಿ ಒತ್ತಿ ಬರೆಯಿರಿ. ಪೆನ್ಸಿಲ್ ಗೆರೆ ಬೆಳಕಿಗೂ ಮಾಸುವುದಿಲ್ಲ, ನೀರಿಗೂ ಹರಡುವುದಿಲ್ಲ. ಲೇಬಲನ್ನು ಬರೀ ಅಂಟಿನ ಮೇಲೆ ನಂಬಬೇಡಿ, ಒಣಗಿ ಉದುರುತ್ತದೆ. ಪೆಟ್ಟಿಗೆಯ ರಟ್ಟಿನ ಮೇಲೆ ನೇರವಾಗಿ ಬರೆಯಿರಿ, ಅದೇ ಮೂರು ಸಾಲನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಒಳಗೆ ಎಲ್ಲಕ್ಕಿಂತ ಮೇಲೆ ಇಡಿ.